ಮಗಳ ಮನೆಯ ದಾರಿಯಲ್ಲಿ ಜಿದ್ದಾ

ನಿಮ್ಮ ಮಗಳು ಲಂಡನ್ನಿನಲ್ಲಿದ್ದಾಳೆ, ಮಗ ದಮ್ಮಾಮಿನಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಮಗಳಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ನೀವು ಹೋಗಲೇಬೇಕು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂದು ಇದೇ ಕಥೆ. ವೀಸಾ ಬಂದ ಕೂಡಲೇ ಟಿಕೆಟಿನ ಮಾತು ಶುರುವಾಗುತ್ತದೆ. "ಇದ್ದುದರಲ್ಲಿ ಅಗ್ಗದ್ದು ನೋಡಿ" ಎಂದು ಟ್ರಾವೆಲ್ಸ್‌ನವರಿಗೆ ಒಂದು ಮಾತು ಹೇಳಿ ನಾವು ಸಾಮಾನು ಕಟ್ಟಲು ಕುಳಿತುಬಿಡುತ್ತೇವೆ. ಆ ಒಂದು ಮಾತಿಗೆ ಸಿಗುವ ಟಿಕೆಟ್ ಎಂಥದ್ದೆಂದರೆ, ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ಇಳಿಸಿ ಬೆಳಿಗ್ಗೆ ಒಂಬತ್ತರವರೆಗೆ ಕುರ್ಚಿಯಲ್ಲಿ ಕೂರಿಸುತ್ತದೆ. ಐವತ್ತೈದು ದಾಟಿದ ತಾಯಿ ಕಾಲು ಊದಿಸಿಕೊಂಡು, ಭಾಷೆ ಬಾರದೆ, ಕೈಚೀಲವನ್ನು ಎದೆಗವಚಿಕೊಂಡು ಅಲ್ಲಿ ಕುಳಿತಿರಬೇಕು.

ಅಗ್ಗದ ಟಿಕೆಟ್ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ಲಕ್ಷ ಸುರಿದು ಹೋಗುವ ಸ್ಥಿತಿ ನಮ್ಮಲ್ಲಿ ಎಷ್ಟು ಜನರಿಗಿದೆ? ಆದರೆ ದಾರಿಯಲ್ಲಿ ಹೇಗೂ ಇಳಿಯಲೇಬೇಕು ಎಂದಾದರೆ, ಆ ಇಳಿಯುವುದನ್ನೇ ಒಂದು ಸರಿಯಾದ ನಿಲುಗಡೆಯನ್ನಾಗಿ ಮಾಡಿಕೊಳ್ಳಬಹುದಲ್ಲವೇ? ಎಲ್ಲಿ ಇಳಿಯಬೇಕು, ಎಷ್ಟು ದಿನ ಇಳಿಯಬೇಕು ಎಂಬುದನ್ನು ವಿಮಾನ ಕಂಪೆನಿಯ ಬದಲು ನೀವೇ ತೀರ್ಮಾನಿಸಬಹುದು. ನನ್ನನ್ನು ಕೇಳಿದರೆ ಲಂಡನ್ನಿಗೆ ಹೋಗಿಬರುವ ನಮ್ಮ ತಾಯಂದಿರಿಗೆ ಜಿದ್ದಾಕ್ಕಿಂತ ಒಳ್ಳೆಯ ನಿಲುಗಡೆ ಇಲ್ಲ. ಉಮ್ರಾ ಆಗುತ್ತದೆ. ವರ್ಷಗಟ್ಟಲೆ ನೋಡದ ಮಗನನ್ನು ನೋಡಿದ ಹಾಗೂ ಆಗುತ್ತದೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಡುವಿನ ಊರಿನಲ್ಲಿ 24 ಗಂಟೆಗಿಂತ ಕಡಿಮೆ ಹೊತ್ತು ಇದ್ದರೆ ಅದು ಬರೀ ವಿಮಾನ ಬದಲಾವಣೆ. 24 ಗಂಟೆ ದಾಟಿದರೆ ಅದಕ್ಕೆ ಸ್ಟಾಪ್‌ಓವರ್ ಎನ್ನುತ್ತಾರೆ. ಕೆಲವು ದರಗಳಲ್ಲಿ ಇದಕ್ಕೆ ಹೆಚ್ಚುವರಿ ಹಣವಿಲ್ಲ. ಕೆಲವದರಲ್ಲಿ ಸ್ವಲ್ಪ ಶುಲ್ಕವಿದೆ. ತೀರಾ ಅಗ್ಗದ ದರಗಳಲ್ಲಿ ಅವಕಾಶವೇ ಇರುವುದಿಲ್ಲ. ಹೋಗಿಬರುವ ಸಾಮಾನ್ಯ ಟಿಕೆಟ್ ಹುಡುಕುವಾಗ ಇದು ಕಾಣಿಸುವುದೂ ಇಲ್ಲ. 'ಮಲ್ಟಿ ಸಿಟಿ' ಎಂಬ ಆಯ್ಕೆಯನ್ನು ಒತ್ತಿ, ಬೆಂಗಳೂರಿನಿಂದ ಲಂಡನ್ ಒಂದು, ಲಂಡನ್ನಿನಿಂದ ಜಿದ್ದಾ ಒಂದು, ನಾಲ್ಕು ದಿನ ಬಿಟ್ಟು ಜಿದ್ದಾದಿಂದ ಬೆಂಗಳೂರು ಒಂದು ಎಂದು ಬರೆದು ಹುಡುಕಬೇಕು. ಮೂರೂ ಒಂದೇ ಟಿಕೆಟಿನಲ್ಲಿ, ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಬರಬೇಕು. ಟ್ರಾವೆಲ್ಸ್‌ನವರಿಗೆ ಹೇಳುವುದಾದರೂ ಇದೇ ಶಬ್ದಗಳಲ್ಲಿ ಹೇಳಿ. ಇಲ್ಲದಿದ್ದರೆ "ಹಾಗೆಲ್ಲ ಆಗುವುದಿಲ್ಲ ಉಮ್ಮಾ" ಎಂದುಬಿಡುತ್ತಾರೆ.

ಇಳಿದು ಹತ್ತುವ ವಿಮಾನ ನೇರ ವಿಮಾನಕ್ಕಿಂತ ಅಗ್ಗವಾಗುವುದೇಕೆ ಎಂದು ನೀವು ಕೇಳಬಹುದು. ಬಸ್ಸಿನವರು ಕಿಲೋಮೀಟರ್ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. ವಿಮಾನದ್ದು ಹಾಗಲ್ಲ, ಬಂದರಿನ ಮೀನಿನ ಲೆಕ್ಕ. ಬೆಳಿಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ. ಪಕ್ಕದಲ್ಲಿ ಇನ್ನೊಬ್ಬ ಬುಟ್ಟಿ ಇಟ್ಟುಕೊಂಡು ಕುಳಿತರೆ ಇಬ್ಬರದೂ ಇಳಿಯುತ್ತದೆ. ಬೆಂಗಳೂರಿನಿಂದ ನೇರ ವಿಮಾನ ಹಾರಿಸುವವನು ಸಮಯ ಉಳಿಸಿಕೊಟ್ಟದ್ದಕ್ಕೆ ಹೆಚ್ಚು ಕೇಳುತ್ತಾನೆ. ದೋಹಾ, ದುಬೈ, ಜಿದ್ದಾ, ಮಸ್ಕತ್‌ಗಳನ್ನು ಕೇಂದ್ರವಾಗಿಟ್ಟುಕೊಂಡ ಕಂಪೆನಿಗಳಿಗೆ ಆ ಊರಿಗೇ ಹೋಗುವವರಿಂದ ಮಾತ್ರ ದೊಡ್ಡ ವಿಮಾನ ತುಂಬುವುದಿಲ್ಲ. ಅಲ್ಲಿಂದ ಮುಂದಕ್ಕೆ ಹೋಗುವವರನ್ನು ಸೆಳೆಯಲು ಅವು ಪರಸ್ಪರ ಪೈಪೋಟಿ ನಡೆಸುತ್ತವೆ. ಆದುದರಿಂದಲೇ ಬೆಂಗಳೂರು-ಜಿದ್ದಾ ಒಂದು ಟಿಕೆಟ್, ಜಿದ್ದಾ-ಲಂಡನ್ ಇನ್ನೊಂದು ಟಿಕೆಟ್ ಎಂದು ಬೇರೆ ಬೇರೆ ಕೊಂಡದ್ದಕ್ಕಿಂತ ಎರಡೂ ಸೇರಿದ ಒಂದೇ ಟಿಕೆಟ್ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ಮಂಗಳವಾರ ರಾತ್ರಿ ಕೊಂಡರೆ ಅಗ್ಗ ಎಂಬ ಮಾತನ್ನು ಮಾತ್ರ ನಂಬಬೇಡಿ. ಕೊಳ್ಳುವ ವಾರಕ್ಕಿಂತ ಹಾರುವ ದಿನ ಮುಖ್ಯ. ಲಂಡನ್ನಿಗೆ ಜುಲೈ, ಆಗಸ್ಟ್ ಮತ್ತು ಡಿಸೆಂಬರಿನ ರಜೆ ದುಬಾರಿ. ಜಿದ್ದಾಕ್ಕೆ ರಮಝಾನ್ ದುಬಾರಿ, ಅದರಲ್ಲೂ ಕೊನೆಯ ಹತ್ತು ದಿನಗಳಲ್ಲಿ ಮಕ್ಕಾದ ಹೋಟೆಲುಗಳ ಬಾಡಿಗೆ ಕೇಳುವ ಹಾಗೆಯೇ ಇರುವುದಿಲ್ಲ. ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬರುವುದರಿಂದ ಪ್ರತಿ ವರ್ಷ ಈ ಲೆಕ್ಕ ಬದಲಾಗುತ್ತದೆ.

ಬೇರೆ ಬೇರೆ ಟಿಕೆಟುಗಳನ್ನು ಜೋಡಿಸಿ ಒಂದಷ್ಟು ಸಾವಿರ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಂಗಳೂರಿನಿಂದಲೇ ಕೊಲ್ಲಿಗೆ ನೇರ ವಿಮಾನಗಳಿರುವಾಗ, ಅದರಲ್ಲಿ ಹೋಗಿ ಅಲ್ಲಿಂದ ಇನ್ನೊಂದು ಕಂಪೆನಿಯ ವಿಮಾನ ಹತ್ತಿದರಾಯಿತಲ್ಲ ಎನಿಸುತ್ತದೆ. ತರುಣರು ಬೇಕಾದರೆ ಮಾಡಲಿ. ಒಬ್ಬರೇ ಹೋಗುವ ತಾಯಿಗೆ ಇದನ್ನು ಮಾಡಿಸಬೇಡಿ. ಟಿಕೆಟ್ ಎರಡಾದ ಮೇಲೆ ಮೊದಲಿನ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಎರಡನೆಯ ಕಂಪೆನಿಯ ಮಟ್ಟಿಗೆ ನೀವು ಬಾರದೆ ಉಳಿದ ಪ್ರಯಾಣಿಕರು, ಅಷ್ಟೆ. ಸಾಮಾನು ತೆಗೆದುಕೊಂಡು ಹೊರಬಂದು ಮತ್ತೆ ಒಳಗೆ ಕೊಡಬೇಕಾದ್ದರಿಂದ ಆ ದೇಶದ ವೀಸಾ ಕೂಡ ಬೇಕಾಗುತ್ತದೆ. 2025ರ ಜೂನ್ 23ರಂದು ಕತರ್ ತನ್ನ ಆಕಾಶ ಮಾರ್ಗವನ್ನು ಏಕಾಏಕಿ ಮುಚ್ಚಿದಾಗ ಎಷ್ಟೋ ವಿಮಾನಗಳು ಅರ್ಧ ದಾರಿಯಿಂದ ಬೇರೆ ಊರುಗಳಿಗೆ ತಿರುಗಿದವು. ಅಂಥ ದಿನ ಒಂದೇ ಟಿಕೆಟ್ ಇದ್ದವರನ್ನು ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪೆನಿಯ ಕೆಲಸ. ಟಿಕೆಟ್ ಜೋಡಿಸಿಕೊಂಡವರು ಹೊಸದಾಗಿ ಕೊಳ್ಳಬೇಕು. ಕೊಲ್ಲಿಯ ಪರಿಸ್ಥಿತಿ ಯಾವಾಗ ಹೇಗೆ ತಿರುಗುತ್ತದೆಂದು ಯಾರೂ ಹೇಳಲಾರರು. ಹೊರಡುವ ವಾರದಲ್ಲಂತೂ ವಿಚಾರಿಸಿಯೇ ಹೊರಡಿ.

ಇನ್ನೊಂದು ವಿಷಯ. ಹೆರಿಗೆಯ ದಿನಾಂಕ ಎಂದು ವೈದ್ಯರು ಕೊಡುವುದು ಅಂದಾಜು ದಿನ. ಮಗು ಎರಡು ವಾರ ಮುಂಚೆಯೂ ಬಂದೀತು. ಆದ್ದರಿಂದ ಬಾಣಂತನಕ್ಕೆ ಹೋಗುವವರು ದರಕ್ಕಿಂತ ಮೊದಲು ನೋಡಬೇಕಾದದ್ದು ದಿನಾಂಕ ಬದಲಾಯಿಸಲು ಎಷ್ಟು ತೆರಬೇಕು ಎಂಬುದನ್ನು. ಟಿಕೆಟಿನ ಒಂದು ಭಾಗವನ್ನು ಬಿಟ್ಟು ಮುಂದಿನದನ್ನು ಮಾತ್ರ ಬಳಸುತ್ತೇನೆ ಎಂದರೂ ನಡೆಯುವುದಿಲ್ಲ. ಮೊದಲ ವಿಮಾನ ಹತ್ತದಿದ್ದರೆ ಉಳಿದವು ತಾವಾಗಿಯೇ ರದ್ದಾಗುತ್ತವೆ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಅದಕ್ಕೆ ಹಣವಿಲ್ಲ. ನಾಚಿಕೆಯೂ ಬೇಡ. ಅದನ್ನು ತಳ್ಳುವವನೇ ನಿಮ್ಮನ್ನು ಸರಿಯಾದ ಬಾಗಿಲಿಗೆ ತಲುಪಿಸುವ ದಾರಿಗಾರ.

ಇನ್ನು ವೀಸಾ. ಸೌದಿ ಅರೇಬಿಯ 2023ರ ಜನವರಿಯಲ್ಲಿ 96 ಗಂಟೆಗಳ ಸ್ಟಾಪ್‌ಓವರ್ ವೀಸಾ ಆರಂಭಿಸಿತು. ಸೌದಿಯಾ ಅಥವಾ ಫ್ಲೈನಾಸ್ ವಿಮಾನದಲ್ಲಿ ಮುಂದಕ್ಕೆ ಹೋಗುವವರಿಗೆ, ಟಿಕೆಟ್ ಕೊಳ್ಳುವಾಗಲೇ ಅರ್ಜಿ ಹಾಕಲು ಸಾಧ್ಯವಾಗುವಂತೆ ಇದನ್ನು ರೂಪಿಸಲಾಯಿತು. ಉಮ್ರಾ ಮಾಡಬಹುದು, ಮದೀನಾಕ್ಕೂ ಹೋಗಬಹುದು. ವೀಸಾ ಉಚಿತವೆಂದರೂ ವಿಮೆ ಮುಂತಾದ ಸಣ್ಣ ಖರ್ಚಿದೆ. ಭಾರತೀಯರಿಗೂ ಇದು ಅನ್ವಯಿಸುತ್ತದೆ ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಿದ್ದ ಸೌದಿಯ ಹಜ್ಜ್ ಸಚಿವರು ತಿಳಿಸಿದ್ದರು. ಇದಲ್ಲದೆ ಇನ್ನೊಂದು ದಾರಿಯಿದೆ. ಬ್ರಿಟನ್, ಅಮೆರಿಕ ಅಥವಾ ಯುರೋಪಿನ ಶೆಂಗೆನ್ ವೀಸಾ ಹೊಂದಿದ್ದು, ಅದನ್ನು ಒಮ್ಮೆಯಾದರೂ ಬಳಸಿದವರಿಗೆ ಸೌದಿಯ ಪ್ರವಾಸಿ ವೀಸಾ ಸುಲಭವಾಗಿ ಸಿಗುವ ವ್ಯವಸ್ಥೆ ಇದೆ. ಶುಲ್ಕ ಹೆಚ್ಚು, ಆದರೆ 96 ಗಂಟೆಯ ಗಡಿಯಿಲ್ಲ. ಎರಡರಲ್ಲಿ ಯಾವುದೇ ಆಗಲಿ ಹಜ್ಜ್‌ಗೆ ಸಲ್ಲುವುದಿಲ್ಲ. ಹಜ್ಜ್ ಹತ್ತಿರವಾದಂತೆ ಅನುಮತಿ ಇಲ್ಲದವರನ್ನು ಮಕ್ಕಾ ಪ್ರವೇಶಿಸಲು ಬಿಡುವುದಿಲ್ಲ, ವೀಸಾಗಳನ್ನೂ ಬಿಗಿಗೊಳಿಸುತ್ತಾರೆ. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟಿಗೆ ಹಣ ಕಟ್ಟುವ ಮುಂಚೆಯೇ ವೀಸಾದ ವಿಷಯ ಖಚಿತಪಡಿಸಿಕೊಳ್ಳಿ, ಕಟ್ಟಿದ ಮೇಲಲ್ಲ.

ಹೋಗುವಾಗ ನಿಲ್ಲುವುದೇ, ಬರುವಾಗ ನಿಲ್ಲುವುದೇ? ಹೆಚ್ಚಿನವರು ಹೋಗುವಾಗಲೇ ಉಮ್ರಾ ಮುಗಿಸಿ ಮಗಳ ಬಳಿಗೆ ಹೋಗೋಣ, ದುಆ ಮಾಡಿ ಹೋದ ಹಾಗಾಗುತ್ತದೆ ಎನ್ನುತ್ತಾರೆ. ಆ ಭಾವನೆ ಅರ್ಥವಾಗುತ್ತದೆ. ಆದರೂ ನಾನು ಬರುವಾಗ ಎನ್ನುತ್ತೇನೆ. ಹೋಗುವಾಗ ಮನಸ್ಸು ಪೂರ್ತಿ ಮಗಳ ಹತ್ತಿರ ಇರುತ್ತದೆ. ಹರಮ್‌ನಲ್ಲಿ ನಿಂತಿದ್ದರೂ ಕಿವಿ ಫೋನಿನ ಕಡೆಗೇ. ಬರುವಾಗ ಮೊಮ್ಮಗುವನ್ನು ಎತ್ತಿ ಆಡಿಸಿ, ಹೊಟ್ಟೆ ತಣ್ಣಗಾಗಿ ಬರುತ್ತೀರಿ. ಬ್ರಿಟನ್ನಿನ ವೀಸಾ ಆಗಲೇ ಬಳಸಿ ಆಗಿರುವುದರಿಂದ ಪ್ರವಾಸಿ ವೀಸಾದ ದಾರಿಯೂ ತೆರೆದಿರುತ್ತದೆ. ಮತ್ತೊಂದು ದೊಡ್ಡ ಕಾರಣ ನಿಮ್ಮ ಸಾಮಾನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟಾಪ್‌ಓವರ್ ಎಂದರೆ ನಿಮ್ಮ ಪೆಟ್ಟಿಗೆ ಜಿದ್ದಾದಲ್ಲಿ ಕೆಳಗಿಳಿಯುತ್ತದೆ, ಅಲ್ಲಿನ ಕಸ್ಟಮ್ಸ್ ದಾಟುತ್ತದೆ. ಲಂಡನ್ನಿಗೆಂದು ಕಟ್ಟಿದ ಪ್ರತಿಯೊಂದು ಪೊಟ್ಟಣಕ್ಕೂ ಸೌದಿಯ ಕಾನೂನು ಅನ್ವಯಿಸುತ್ತದೆ. ಬಾಣಂತಿಯ ಅಡುಗೆಗೆ, ಮಸಾಲೆಗೆ ಎಂದು ನಾವು ಗಸಗಸೆ ಕಟ್ಟಿಕೊಳ್ಳುತ್ತೇವೆ. ನಮ್ಮಲ್ಲಿ ಅದು ಕಿರಾಣಿ ಅಂಗಡಿಯ ಸಾಮಾನು. ಸೌದಿಯಲ್ಲಿ ಅಫೀಮಿನ ಗಿಡದ ಬೀಜ, ಮಾದಕ ವಸ್ತುವಿನ ಪಟ್ಟಿಯಲ್ಲಿ ಸೇರಿದ್ದು. ಒಂದು ಹಿಡಿ ಗಸಗಸೆಗಾಗಿ ಕೊಲ್ಲಿ ದೇಶಗಳಲ್ಲಿ ಜೈಲು ಸೇರಿದ ಭಾರತೀಯರಿದ್ದಾರೆ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿ, ನಿದ್ರೆಯ ಮಾತ್ರೆಗಳ ಬಗ್ಗೆಯೂ ಎಚ್ಚರ. ನಿಮ್ಮ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅದೇ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಯಾರೋ ಪಕ್ಕದ ಮನೆಯವರು "ನನ್ನ ಮಗನಿಗೆ ಇದೊಂದು ಕೊಟ್ಟುಬಿಡಿ" ಎಂದು ಹೊಲಿದ ಪೊಟ್ಟಣ ತಂದರೆ ಮುಲಾಜಿಲ್ಲದೆ ಬಿಚ್ಚಿ ನೋಡಿ, ಇಲ್ಲವೇ ಬೇಡವೆನ್ನಿ. ಲಂಡನ್ನಿನವರದ್ದೇ ಬೇರೆ ನಿಯಮ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಭಾರತದಿಂದ ಒಳಗೆ ಬಿಡುವುದಿಲ್ಲ. ಒಣಮಾಂಸ, ಪೇಡ ಎಲ್ಲ ಮನೆಯಲ್ಲೇ ಇರಲಿ. ಬರುವಾಗ ಜಿದ್ದಾದಲ್ಲಿ ನಿಂತರೆ ಈ ತಲೆನೋವಿನ ಮುಕ್ಕಾಲು ಪಾಲು ಇರುವುದೇ ಇಲ್ಲ. ಪೆಟ್ಟಿಗೆಯಲ್ಲಿ ಉಳಿದಿರುವುದು ಮಗಳು ಕೊಟ್ಟ ಚಾಕೊಲೇಟು ಮತ್ತು ಸ್ವೆಟರು.

ಲಂಡನ್ನಿನಿಂದ ಜಿದ್ದಾಕ್ಕೆ ಸುಮಾರು ಆರೂವರೆ ಗಂಟೆಯ ಪ್ರಯಾಣ. ಉಮ್ರಾದ ಸಂಕಲ್ಪದಿಂದ ಬರುವವರು ಮೀಕಾತ್ ದಾಟುವ ಮೊದಲೇ ಇಹ್ರಾಮ್‌ನಲ್ಲಿ ಇರಬೇಕೆಂಬುದು ಗೊತ್ತೇ ಇದೆ. ಆ ಕಡೆಯಿಂದ ಬರುವವರಿಗೆ ಅದು ಜುಹ್ಫಾ, ಈಗಿನ ರಾಬಿಗ್‌ನ ಸಮೀಪ. ಜಿದ್ದಾದಲ್ಲಿ ಇಳಿದು ಹೋಟೆಲಿನಲ್ಲಿ ಸ್ನಾನ ಮಾಡಿ ಆಮೇಲೆ ಧರಿಸುತ್ತೇನೆ ಎಂದರೆ ಹೆಚ್ಚಿನ ವಿದ್ವಾಂಸರ ಪ್ರಕಾರ ತಡವಾಗುತ್ತದೆ. ಹೆಂಗಸರಿಗೆ ಪ್ರತ್ಯೇಕ ಉಡುಪಿಲ್ಲದಿರುವುದರಿಂದ ಸುಲಭ. ಜೊತೆಯಲ್ಲಿ ಗಂಡಸರಿದ್ದರೆ ಅವರ ಎರಡು ಬಿಳಿ ಬಟ್ಟೆಗಳು ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಿ ಹಾಕಿದರೆ ವಿಮಾನದ ಹೊಟ್ಟೆಯಿಂದ ತೆಗೆಯುವವರಾರು? ಮೊದಲು ಮದೀನಾಕ್ಕೆ ಹೋಗುವ ಉದ್ದೇಶವಿದ್ದವರು ಅಲ್ಲಿಂದ ಹೊರಡುವಾಗ ದುಲ್ ಹುಲೈಫಾದಲ್ಲಿ ಇಹ್ರಾಮ್ ಪ್ರವೇಶಿಸಬಹುದು. ರೈಲು ಅಲ್ಲಿ ನಿಲ್ಲುವುದಿಲ್ಲ, ಟ್ಯಾಕ್ಸಿಯಲ್ಲಿ ಮುಂಚಿತವಾಗಿ ಹೋಗಿ ಬರಬೇಕು.

ಓದುವವರಲ್ಲಿ ಎಳೆ ವಯಸ್ಸಿನ ಸಹೋದರಿಯರೂ ಇದ್ದೀರಿ. ನೀವು ನಿಲುಗಡೆಯ ದಿನಗಳನ್ನು ಆರಿಸುವಾಗ ನಿಮ್ಮ ತಿಂಗಳ ಲೆಕ್ಕವನ್ನೂ ಇಟ್ಟುಕೊಳ್ಳಿ. ಮುಟ್ಟಿನ ದಿನಗಳಲ್ಲಿ ತವಾಫ್ ಮಾಡುವಂತಿಲ್ಲ. ಇಹ್ರಾಮ್‌ಗೆ ಪ್ರವೇಶಿಸಿ ಆಗಿದ್ದರೆ ಶುದ್ಧಿಯಾಗುವವರೆಗೆ ಕಾಯಬೇಕು. ವೀಸಾದ 96 ಗಂಟೆ ಮಾತ್ರ ಕಾಯುವುದಿಲ್ಲ. ತಂಡದಲ್ಲಿ ಹೋಗುವ ಉಮ್ರಾದಲ್ಲಿ ಹತ್ತು ಹದಿನೈದು ದಿನಗಳಿರುತ್ತವೆ, ಇಲ್ಲಿ ಆ ಸಡಿಲವಿಲ್ಲ. ಸಂಶಯವಿದ್ದರೆ ಹೊರಡುವ ಮುಂಚೆಯೇ ತಿಳಿದವರಲ್ಲಿ ಕೇಳಿ.

ಜಿದ್ದಾ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ನ ಮಗ್ಗುಲಲ್ಲೇ ಹರಮೈನ್ ರೈಲಿನ ನಿಲ್ದಾಣವಿದೆ. 2018ರಲ್ಲಿ ಓಡಲಾರಂಭಿಸಿದ ಈ ರೈಲು ಮಕ್ಕಾದಿಂದ ಜಿದ್ದಾ ಮಾರ್ಗವಾಗಿ ಮದೀನಾದವರೆಗಿನ ಸುಮಾರು 450 ಕಿಲೋಮೀಟರನ್ನು, ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಕ್ರಮಿಸುತ್ತದೆ. ಮಕ್ಕಾಕ್ಕೆ ನಿಲ್ದಾಣದಿಂದ ಒಂದು ಗಂಟೆಯೊಳಗಿನ ದಾರಿ. ಉಮ್ರಾಕ್ಕೆ ನುಸುಕ್ ಆ್ಯಪ್‌ನಲ್ಲಿ ಸಮಯ ಕಾದಿರಿಸಬೇಕು. ಮದೀನಾದಲ್ಲಿ ರೌದಾಕ್ಕೂ ಅದರಲ್ಲೇ ಅನುಮತಿ ಪಡೆಯಬೇಕು. ದಮ್ಮಾಮಿನ ಮಗನಿಗೆ ಇದೆಲ್ಲ ಬೆರಳ ತುದಿಯ ಕೆಲಸ. ಅವನು ಎರಡು ದಿನ ರಜೆ ಹಾಕಿ, ವಾರಾಂತ್ಯ ಸೇರಿಸಿಕೊಂಡು ಜಿದ್ದಾಕ್ಕೆ ಬರಲಿ. ಅವನು ಊರಿಗೆ ಬಂದು ಹೋಗುವ ಖರ್ಚು, ರಜೆ ಎರಡೂ ದೊಡ್ಡವು. ಇದು ಅದರ ಒಂದು ಪಾಲು. ತವಾಫ್‌ನ ಜನಜಂಗುಳಿಯಲ್ಲಿ ಹೆಗಲು ಹಿಡಿದು ನಡೆಸಲು ಮಗನಿದ್ದಾನೆ ಎಂಬುದು ತಾಯಿಗೆ ಏನೆಂದು ನಾನು ಬರೆದು ತಿಳಿಸಬೇಕಾಗಿಲ್ಲ.

96 ಗಂಟೆಯಲ್ಲಿ ಮಕ್ಕಾ, ಮದೀನಾ ಎರಡೂ ಆಗುತ್ತದೆಯೇ? ರೈಲಿನ ಲೆಕ್ಕದಲ್ಲಿ ಆಗುತ್ತದೆ. ಮೊಣಕಾಲಿನ ಲೆಕ್ಕದಲ್ಲಿ ಆಗುವುದಿಲ್ಲ. ಆದರೆ "ಇಷ್ಟು ದೂರ ಬಂದು ಮದೀನಾಕ್ಕೆ ಸಲಾಮ್ ಹೇಳದೆ ಹೋಗುವುದೇ?" ಎಂದು ಯಾವ ತಾಯಿಯೂ ಕೇಳದೆ ಇರುವುದಿಲ್ಲ, ಮಗನಿಗೆ ಉತ್ತರವೂ ಇರುವುದಿಲ್ಲ. ಅದಕ್ಕೇ ಮೊದಲೇ ಯೋಚಿಸಿ. ಪ್ರವಾಸಿ ವೀಸಾ ಸಿಗುವುದಾದರೆ ಆರೇಳು ದಿನ ಇಟ್ಟುಕೊಂಡು ಮೊದಲು ಮದೀನಾ, ಆಮೇಲೆ ಮಕ್ಕಾ. ಸ್ಟಾಪ್‌ಓವರ್ ವೀಸಾ ಮಾತ್ರವಾದರೆ ಮಕ್ಕಾದಲ್ಲಿ ಎರಡು ರಾತ್ರಿ, ಜಿದ್ದಾದಲ್ಲಿ ಒಂದು ರಾತ್ರಿ. ಟಿಕೆಟಿನ ನಿಯಮ ಒಪ್ಪಿದರೆ ಮದೀನಾಕ್ಕೆಂದು ಹೋಗುವಾಗಲೂ ಒಂದು ನಿಲುಗಡೆ ಮಾಡಬಹುದು, ಪ್ರತಿ ಸಲಕ್ಕೆ ಬೇರೆ ವೀಸಾ ಪಡೆದು. ಆಗ ಮಾತ್ರ ಗಸಗಸೆಯ ಮಾತು ನೆನಪಿರಲಿ.

ಜಿದ್ದಾದಲ್ಲಿ ಒಂದು ರಾತ್ರಿಯೇಕೆ ಎಂದರೆ, ಆ ಊರನ್ನು ನಾವು ಬರೀ ವಿಮಾನ ಇಳಿಯುವ ಜಾಗವೆಂದು ತಿಳಿದುಬಿಟ್ಟಿದ್ದೇವೆ. ಮೂರನೆಯ ಖಲೀಫ ಉಸ್ಮಾನ್‌ರವರು ಹಿಜರಿ 26ರಲ್ಲಿ, ಅಂದರೆ ಕ್ರಿ.ಶ. 647ರಲ್ಲಿ ಜಿದ್ದಾವನ್ನು ಮಕ್ಕಾದ ಬಂದರನ್ನಾಗಿ ಮಾಡಿದರು. ಅಂದಿನಿಂದ ಸಮುದ್ರ ದಾಟಿ ಬಂದ ಹಾಜಿಗಳೆಲ್ಲ ಕಾಲಿಟ್ಟದ್ದು ಇಲ್ಲೇ. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಮುಂಬಯಿಗೆ ಹೋಗಿ ಮುಸಾಫಿರ್‌ಖಾನೆಯಲ್ಲಿ ದಿನಗಟ್ಟಲೆ ಕಾದು ಹಡಗು ಹತ್ತಿದರೆ ಇಳಿಯುತ್ತಿದ್ದುದು ಜಿದ್ದಾದಲ್ಲಿ. ಆ ಹಡಗುಗಳು 1995ರವರೆಗೂ ಓಡಿದವು. ದಾರಿಯಲ್ಲಿ ನಿಂತು ನಿಂತು ಹೋಗುವುದು ಅವರಿಗೆ ಹೊಸತೇನಲ್ಲ, ನೇರ ಹೋಗುವ ಹಠ ನಮ್ಮದು.

ಹಳೆಯ ಜಿದ್ದಾಕ್ಕೆ ಅಲ್ ಬಲದ್ ಎಂದು ಹೆಸರು. ಯುನೆಸ್ಕೊ 2014ರಲ್ಲಿ ಅದನ್ನು 'ಮಕ್ಕಾದ ದ್ವಾರ' ಎಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಸರ್ ನಮಾಝ್ ಆದ ಮೇಲೆ, ಬಿಸಿಲು ಇಳಿದ ಹೊತ್ತಿಗೆ ಹೋಗಿ. ಕೆಂಪು ಸಮುದ್ರದ ಹವಳದ ಕಲ್ಲಿನಿಂದ ಕಟ್ಟಿದ ನಾಲ್ಕೈದು ಅಂತಸ್ತಿನ ಮನೆಗಳು. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ, ಜಾಲರಿ ಕೊರೆದ ಮರದ ಕಿಟಕಿಗಳು. ಇವನ್ನು ರೋಶನ್ ಎನ್ನುತ್ತಾರೆ. ಒಳಗಿನ ಹೆಂಗಸರು ಬೀದಿಯನ್ನು ನೋಡಬಹುದು, ಬೀದಿಯವರಿಗೆ ಒಳಗೇನೂ ಕಾಣಿಸದು, ಗಾಳಿ ಮಾತ್ರ ಧಾರಾಳ. ಜಿದ್ದಾದಲ್ಲಿ ಇಂಥ ಮರ ಬೆಳೆಯುವುದಿಲ್ಲ. ತೇಗ ಬಂದದ್ದು ಭಾರತ, ಜಾವಾಗಳಿಂದ ಹಡಗಿನಲ್ಲಿ. ಮಳೆಗಾಳಿಗೆ ಹಳಸದ ನಮ್ಮ ಕರಾವಳಿಯ ಹಳೆಯ ಮನೆಗಳ ತೊಲೆ, ಬಾಗಿಲುಗಳನ್ನು ಬಲ್ಲವರಿಗೆ ಆ ಮರವನ್ನು ಮುಟ್ಟಿ ನೋಡುವಾಗ ಪರಿಚಯದವರನ್ನು ಕಂಡಂತಾಗುತ್ತದೆ.

ಊರಿನ ಸುತ್ತ ಒಂದು ಕೋಟೆ ಗೋಡೆಯಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಭಯದಿಂದ ಕಟ್ಟಿಸಿದ್ದು. ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿದ ಅದೇ ಪೋರ್ಚುಗೀಸರು! 1517ರಲ್ಲಿ ಅವರು ಜಿದ್ದಾದ ಮೇಲೆ ಬಂದು ಬರಿಗೈಯಲ್ಲಿ ಮರಳಿದರು. ಗೋಡೆಯನ್ನು 1947ರಲ್ಲಿ ಕೆಡವಲಾಯಿತು. ಬಾಬ್ ಮಕ್ಕಾ ಎಂಬ ಹೆಬ್ಬಾಗಿಲು ಈಗಲೂ ಇದೆ. ಒಳಗೆ ನಡೆದರೆ ನಸೀಫ್ ಮನೆ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ್ದು. 1925ರಲ್ಲಿ ಜಿದ್ದಾ ವಶವಾದಾಗ ದೊರೆ ಅಬ್ದುಲ್ ಅಝೀಝ್ ಇಳಿದುಕೊಂಡದ್ದು ಇಲ್ಲೇ. ಅದರ ಮೆಟ್ಟಿಲುಗಳು ಅಗಲವಾಗಿ, ತಗ್ಗಾಗಿವೆ. ಸಾಮಾನು ಹೊತ್ತ ಪ್ರಾಣಿಗಳು ಮೇಲಿನ ಅಂತಸ್ತಿನ ಅಡುಗೆಮನೆಯವರೆಗೆ ಹತ್ತಲೆಂದು ಹಾಗೆ ಮಾಡಿದ್ದಂತೆ. ಮನೆಯ ಮುಂದೆ ಒಂದು ಬೇವಿನ ಮರ. ಒಂದು ಕಾಲಕ್ಕೆ ಹಳೆಯ ಜಿದ್ದಾದಲ್ಲಿ ಇದ್ದದ್ದು ಈ ಒಂದೇ ಮರ ಎನ್ನುತ್ತಾರೆ. ಅದಕ್ಕಾಗಿ ಈ ಮನೆಗೆ 'ಮರವಿರುವ ಮನೆ' ಎಂದೇ ಹೆಸರಾಗಿತ್ತು. ಬೇವು ಮೂಲತಃ ನಮ್ಮ ಕಡೆಯ ಗಿಡ. ಅದರ ಕೆಳಗೆ ಮಗನ ಜೊತೆ ಕುಳಿತು ಒಂದು ಚಹಾ ಕುಡಿಯಲು ಹೆಚ್ಚು ಹಣವೇನೂ ಬೇಡ.

ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ. ಟಿಕೆಟಿನಲ್ಲಿ ಉಳಿದದ್ದನ್ನು ಮಾತ್ರ ನೋಡಿದರೆ ಹೋಟೆಲು, ರೈಲು, ವೀಸಾ, ಊಟ ಸೇರಿ ಅದು ಕರಗಿಹೋಗುತ್ತದೆ. ಕೆಲವೊಮ್ಮೆ ಮೇಲೆಯೂ ಬೀಳುತ್ತದೆ. ಹೋಲಿಸಬೇಕಾದದ್ದು ಹಾಗಲ್ಲ. ಬೇರೆಯೇ ಉಮ್ರಾಕ್ಕೆ ಹೋಗುವುದಾದರೆ ಎಷ್ಟಾಗುತ್ತಿತ್ತು, ಮಗ ಊರಿಗೆ ಬಂದು ಹೋಗಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡು ನೋಡಿ. ಉಮ್ರಾವನ್ನು ಹೀಗೆ ದಾರಿಯಲ್ಲಿ ಮಾಡಿದರೆ ಅದರ ಗೌರವ ಕಡಿಮೆಯಾಗುತ್ತದೆ ಎಂದು ಹೇಳುವವರೂ ಇದ್ದಾರೆ. ಎರಡು ಸಲ ಹೋಗಲು ಹಣವಿರುವವರು ಹಾಗೆ ಹೇಳಬಹುದು.

ಕೊನೆಗೆ ಝಮ್‌ಝಮ್. ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆಯ ನಡುವೆ ಬಾಟಲಿ ಸುತ್ತಿ ಪೆಟ್ಟಿಗೆಯಲ್ಲಿಡಲೂ ಬಾರದು. ನಿಲ್ದಾಣದಲ್ಲಿ ಸಿಗುವ 5 ಲೀಟರಿನ ಮುಚ್ಚಿದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ, ಎಷ್ಟು ಬಿಡುತ್ತಾರೆಂದು ನಿಮ್ಮ ಕಂಪೆನಿಯಲ್ಲಿ ಕೇಳಿಕೊಳ್ಳಿ. ಬೆಂಗಳೂರಿನಿಂದ ಮಂಗಳೂರಿಗೆ ಬೇರೆ ಟಿಕೆಟಿನಲ್ಲಿ ಹಾರುವುದಿದ್ದರೆ ಆ ವಿಮಾನದವರು ಅದನ್ನೂ ತೂಗಿ ಹಣ ಕೇಳಬಹುದು. ಅಂಥವರಿಗೆ ರಾತ್ರಿಯ ಬಸ್ಸೇ ಒಳ್ಳೆಯದು.